ಖಾಲಿ ಬಿಟ್ಟ ಚೌಕ

ಸೆಪ್ಟೆಂಬರ್ ೨, ಸೋಮವಾರ

ಭುಜಕ್ಕೆ ವ್ಯಾಯಾಮ ಹೇಳಿಕೊಡುವ ಫಿಸಿಯೋ ಹುಡುಗಿ ದಿನಕ್ಕೊಂದು ಪುಟ ಕೈಯಲ್ಲಿ ಬರೆಯಿರಿ ಅಂದಿದ್ದಾಳೆ. ಬೆರಳಿಗೆ ಒಳ್ಳೆಯದಂತೆ. ಏನು ಬರೆಯಲಿ ಅಂದೆ. "ಏನಾದ್ರೂ ಬರೀರಿ ಅಂಕಲ್, ಯಾರು ಓದ್ತಾರೆ?" ಅಂದಳು. ಇಡೀ ದಿನ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಹೊಟ್ಟೆಪಾಡಾಗಿರುವ ನನಗೆ ಆ ಮಾತು ಹಿಡಿಸಿತು.

ಮೊದಲು ಹೀಗಿರಲಿಲ್ಲ. ನಾನು ಹ್ಯಾಂಗರಿನಲ್ಲಿ ವಿಮಾನ ರಿಪೇರಿ ಮಾಡುವ ಇಂಜಿನಿಯರ್. ಅಟ್ಟಣೆಯಿಂದ ಬಿದ್ದು ಬಲಭುಜ ಕಳಚಿದ ಮೇಲೆ ಕೈ ಹೆಗಲ ಮಟ್ಟಕ್ಕೆ ಏಳುವುದೇ ಕಷ್ಟ. ವಿಮಾನದಲ್ಲಿ ಕೆಡುವುದೆಲ್ಲ ಹೆಗಲಿಗಿಂತ ಮೇಲೇ ಇರುತ್ತದೆ. ಅದಕ್ಕೆ ನನ್ನನ್ನು ಎತ್ತಿ ದಾಖಲೆ ಕೋಣೆಗೆ ಹಾಕಿದರು, ಓಡದ ಗಡಿಯಾರವನ್ನು ಶೋಕೇಸಿಗೆ ಹಾಕುವ ಹಾಗೆ.

ಇಲ್ಲಿ ಕೆಲಸ ಇಷ್ಟು. ಪ್ರತಿ ವಿಮಾನಕ್ಕೂ ಒಂದು ಟೆಕ್ ಲಾಗ್ ಪುಸ್ತಕ. ಪೈಲಟ್ ಎಡಗಡೆ ದೂರು ಬರೆಯುತ್ತಾನೆ, ಇಂಜಿನಿಯರ್ ಬಲಗಡೆ ತಾನೇನು ಮಾಡಿದೆ ಅಂತ ಬರೆದು ಸಹಿ ಹಾಕುತ್ತಾನೆ. ದೊಡ್ಡ ಕೆಲಸಕ್ಕೆ ಬೇರೆ ಚೀಟಿಗಳು. ಒಂದೊಂದು ಹೆಜ್ಜೆಗೂ ಒಂದೊಂದು ಚೌಕ: ಏನು ಬಿಚ್ಚಿದೆ, ಏನು ಹಾಕಿದೆ, ಯಾವ ಉಪಕರಣದಲ್ಲಿ ಬಿಗಿದೆ, ಅದರ ನಂಬರೇನು. ಚೌಕ ಒಂದು ಖಾಲಿ ಇದ್ದರೂ ವಿಮಾನ ಹ್ಯಾಂಗರಿನ ಬಾಗಿಲು ದಾಟುವಂತಿಲ್ಲ. ಬರೆಯದೇ ಇದ್ದದ್ದು ಮಾಡದೇ ಇದ್ದದ್ದಕ್ಕೆ ಸಮ ಅಂತ ನಮ್ಮ ಕಡೆ ಹೇಳುತ್ತಾರೆ. ರಿಪೇರಿ ಮಾಡುತ್ತಿದ್ದಾಗ ನನಗೂ ಇದು ಗೊತ್ತಿತ್ತು, ಆದರೆ ಬರೆಯುವುದು ಅಂದರೆ ಕೈ ತೊಳೆದುಕೊಂಡ ಮೇಲೆ ಒರೆಸಿಕೊಳ್ಳುವಂಥ ಕೆಲಸ ಅಂದುಕೊಂಡಿದ್ದೆ. ಈಗ ಒರೆಸುವ ಬಟ್ಟೆಯೇ ಆಗಿ ಕೂತಿದ್ದೇನೆ.

ಕೋಣೆಗೊಂದು ಗಾಜಿನ ಕಿಟಕಿ ಇದೆ. ಹ್ಯಾಂಗರಿನೊಳಗೆಲ್ಲ ಕಾಣುತ್ತದೆ. ನಮ್ಮ ಕೂಸೂ ಕಾಣುತ್ತದೆ. ನನ್ನ ಮಗಳು ಅದೇ ಹ್ಯಾಂಗರಿನಲ್ಲಿ ಇಂಜಿನಿಯರ್. ಈ ವರ್ಷವಷ್ಟೇ ಅವಳಿಗೆ ತಾನೇ ಸಹಿ ಹಾಕುವ ಅಧಿಕಾರ ಸಿಕ್ಕಿದೆ. ನಾನು ಇಳಿದ ಅಟ್ಟಣೆಗೆ ಅವಳು ಹತ್ತಿದ್ದಾಳೆ. ಖುಷಿಯಾಗಬೇಕು. ಆಗಿದೆ.

ಸೆಪ್ಟೆಂಬರ್ ೪, ಬುಧವಾರ

ಇವತ್ತು ಮಗಳ ಚೀಟಿಗಳನ್ನು ಮತ್ತೆ ವಾಪಸು ಕಳಿಸಿದೆ. ಒಂದರಲ್ಲಿ ತಾರೀಖಿನ ಪಕ್ಕ ಮಸಿ ಕದಡಿತ್ತು. ಇನ್ನೊಂದರಲ್ಲಿ ಹೊಡೆದುಹಾಕಿದ ಪದದ ಮೇಲೆ ಒಂದು ಗೆರೆಯ ಬದಲು ಎರಡು ಗೆರೆ. ಮೂರನೆಯದರಲ್ಲಿ ಸಹಿಯ ಬಾಲ ಚೌಕದಿಂದಾಚೆ ಹೋಗಿತ್ತು.

ಮೇಲೆ ಬಂದಳು. ಆಫೀಸಿನಲ್ಲಿ ನನ್ನನ್ನು ಸಾರ್ ಅನ್ನುತ್ತಾಳೆ, ಅದೂ ಬೇಕೆಂದೇ ರಾಗ ಎಳೆದು.

"ಸಾರ್, ಸಹಿಗೂ ಬಾಲ ಕತ್ತರಿಸ್ಬೇಕಾ?"

"ಚೌಕ ಇರೋದು ಯಾಕೆ?"

"ಪಕ್ಕದ ಪಾಳಿಯವರದ್ದು ನೋಡಿ, ಸಹಿ ಮುಂದಿನ ಪುಟಕ್ಕೆ ಹೋಗಿ ಟೀ ಕುಡ್ಕೊಂಡು ಬಂದಿದೆ. ಅವರದ್ದು ವಾಪಸ್ ಮಾಡಿಲ್ವಲ್ಲ ನೀವು."

"ಅವರು ನನ್ನ ಮಕ್ಕಳಲ್ಲ."

"ನಾನೂ ಇಲ್ಲಿ ಅಲ್ಲ" ಅಂದು ಚೀಟಿ ತೆಗೆದುಕೊಂಡು ಇಳಿದುಹೋದಳು. ಮೆಟ್ಟಿಲಿಳಿಯುವಾಗ ನಗುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ಈಗಿನವರಿಗೆ ತಿದ್ದಿದರೆ ಸಿಟ್ಟು. ತಿದ್ದದೇ ಹೋದರೆ ನಾಳೆ ಬೇರೆಯವರು ತಿದ್ದುತ್ತಾರೆ, ಆಗ ಅಳುವುದು ಯಾರು? ಎಲ್ಲ ಅವಳ ಒಳ್ಳೆಯದಕ್ಕೇ.

ಸೆಪ್ಟೆಂಬರ್ ೫, ಗುರುವಾರ

ಕುರ್ಚಿ ಒಗ್ಗುತ್ತಿಲ್ಲ. ಕೂತರೆ ಏಳಬೇಕು, ಎದ್ದರೆ ಏನು ಮಾಡಬೇಕೋ ಗೊತ್ತಿಲ್ಲ. ನೀರು ಕುಡಿಯಲು ಎಂಟು ಸಲ ಹೋದೆನಂತೆ, ಪಕ್ಕದ ಮೇಜಿನವ ಎಣಿಸಿದ್ದಾನೆ. ಅವನಿಗೂ ಕೆಲಸವಿಲ್ಲ.

ಸೆಪ್ಟೆಂಬರ್ ೧೦, ಮಂಗಳವಾರ

ದೊಡ್ಡ ತಪಾಸಣೆಗೆ ಒಂದು ವಿಮಾನ ಬಂದಿದೆ. ಹಳೆಯ ಗೆಳೆಯ. ಅದರ ಎಡ ಎಂಜಿನ್ನಿನ ಒಂದೊಂದು ಪೈಪೂ ನನಗೆ ಪರಿಚಯ. ಅದರ ಇಂಧನ ಪಂಪು ಬದಲಾಯಿಸಬೇಕು ಅಂತ ಚೀಟಿ ಹೊರಟಿದೆ, ಕೆಲಸ ಮಗಳ ಪಾಲಿಗೆ ಬಂದಿದೆ.

ಒಂದು ಫೈಲ್ ಕೈಯಲ್ಲಿ ಹಿಡಿದುಕೊಂಡು ಕೆಳಗೆ ಹೋದೆ. ಫೈಲಿನೊಳಗೆ ಏನೂ ಇರಲಿಲ್ಲ. ಕೈಯಲ್ಲಿ ಕಾಗದವಿದ್ದರೆ ಯಾರೂ ಏನೂ ಕೇಳುವುದಿಲ್ಲ, ಇದು ದಾಖಲೆ ಕೋಣೆ ನನಗೆ ಕಲಿಸಿದ ಮೊದಲ ವಿದ್ಯೆ.

ಅವಳು ಅಟ್ಟಣೆಯ ಮೇಲೆ ನಿಂತು ಹಳೆಯ ಪಂಪು ಬಿಚ್ಚುತ್ತಿದ್ದಳು. ಕೆಳಗಿನ ಬೋಲ್ಟು ಮೊದಲು ಸಡಿಲಿಸಿದಳು. ನಾನಾಗಿದ್ದರೆ ಮೇಲಿನದು. ಬಾಯಿ ತಡೆಯಲಿಲ್ಲ. "ಮೇಲಿಂದ ಶುರು ಮಾಡೇ, ಭಾರ ಕೈಗೆ ಬರುತ್ತೆ" ಅಂದೆ. ಅವಳ ಕೆಳಗೆ ನಿಂತಿದ್ದ ಮೆಕ್ಯಾನಿಕ್ ಇಬ್ಬರೂ ಬೇರೆಲ್ಲೋ ನೋಡಿದರು. ಅವಳು ಕೆಲಸ ನಿಲ್ಲಿಸಿ ಬಗ್ಗಿ, ತುಂಬ ಮರ್ಯಾದೆಯಿಂದ ಹೇಳಿದಳು.

"ಸಾರ್, ಈ ಹಳದಿ ಗೆರೆ ಒಳಗೆ ಕೆಲಸದವರು ಮಾತ್ರ."

ಆ ಗೆರೆಗೆ ಬಣ್ಣ ಬಳಿಸಿದವನೇ ನಾನು. ಮೇಲೆ ಬಂದು ಖಾಲಿ ಫೈಲು ಮೇಜಿನ ಮೇಲೆ ಎಸೆದೆ. ನೋವಾಯಿತು. ಬರೆದರೆ ಹೋಗುತ್ತದೇನೋ ಅಂತ ಬರೆದೆ, ಹೋಗಲಿಲ್ಲ.

ಮನೆಯಲ್ಲಿ ಇವಳಿಗೆ ಹೇಳಿದೆ. ಇವಳು ಬಟ್ಟೆ ಹೊಲಿಯುತ್ತಿದ್ದಳು, ಬಾಯಲ್ಲಿ ಗುಂಡುಪಿನ್ನು. ಪಿನ್ನು ತೆಗೆಯದೇ "ಸರಿಯಾಗೇ ಹೇಳಿದ್ದಾಳೆ" ಅಂದಳು. ಹೆಂಡತಿಯ ಬಾಯಲ್ಲಿ ಪಿನ್ನಿದ್ದಾಗ ಮಾತಿಗೆ ಹೋಗಬಾರದಿತ್ತು.

ಸೆಪ್ಟೆಂಬರ್ ೧೩, ಶುಕ್ರವಾರ

ಇವತ್ತು ಒಂದು ಒಳ್ಳೆಯ ಕೆಲಸ ಮಾಡಿದೆ.

ಆ ವಿಮಾನ ಸಂಜೆಗೆ ಬಿಡುಗಡೆಯಾಗಬೇಕಿತ್ತು. ಚೀಟಿಗಳ ಕಟ್ಟು ಮಧ್ಯಾಹ್ನ ನನ್ನ ಮೇಜಿಗೆ ಬಂತು. ಕಟ್ಟು ಒಯ್ಯಲು ಗುಣಮಟ್ಟ ವಿಭಾಗದ ಅಧಿಕಾರಿ ತಾನೇ ಬಂದು ಬಾಗಿಲಲ್ಲಿ ನಿಂತ. ಅವನನ್ನು ನಾವು ಭೂತಗನ್ನಡಿ ಅನ್ನುತ್ತೇವೆ. ಎದುರಿಗಲ್ಲ. ಇರುವೆಯ ಕಾಲು ಎಣಿಸಿ ಒಂದು ಕಡಿಮೆ ಇದೆ ಅನ್ನುವ ಪೈಕಿ.

ನಾನು ಬೇಗ ಬೇಗ ತಿರುವುತ್ತಿದ್ದೆ. ಇಂಧನ ಪಂಪಿನ ಚೀಟಿ ಬಂತು. ಮಗಳ ಅಕ್ಷರ, ಮಗಳ ಸಹಿ. ಬೋಲ್ಟುಗಳನ್ನು ಎಷ್ಟಕ್ಕೆ ಬಿಗಿದೆ ಅಂತ ಬರೆದಿದ್ದಾಳೆ. ಪಕ್ಕದಲ್ಲಿ ಟಾರ್ಕ್ ವ್ರೆಂಚಿನ ನಂಬರು ಬರೆಯಬೇಕಾದ ಚೌಕ ಖಾಲಿ. ಟಾರ್ಕ್ ವ್ರೆಂಚ್ ಅಂದರೆ ಬೇಕಾದಷ್ಟು ಬಿಗಿಯಾದ ಕೂಡಲೇ ಟಕ್ ಅನ್ನುವ ಪಾನಾ. ಅದು ಸರಿಯಾದ ಹೊತ್ತಿಗೆ ಟಕ್ ಅನ್ನುತ್ತದೆ ಅಂತ ಆಗಾಗ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುತ್ತಾರೆ, ಅದಕ್ಕೇ ಯಾವುದರಲ್ಲಿ ಬಿಗಿದೆ ಅನ್ನುವುದು ಮುಖ್ಯ.

ಕರೆದು ಬರೆಸೋಣ ಅಂದರೆ ಅವಳಿಲ್ಲ. ಬೇರೆ ಊರಿನಲ್ಲಿ ಕೆಟ್ಟು ನಿಂತ ವಿಮಾನಕ್ಕೆ ಅಂತ ಬೆಳಗ್ಗೆಯೇ ಅವಸರದಲ್ಲಿ ಕಳಿಸಿದ್ದಾರೆ, ಬರಲು ನಾಲ್ಕೈದು ದಿನ. ಫೋನ್ ಮಾಡೋಣ ಅಂದರೆ ಭೂತಗನ್ನಡಿ ಬಾಗಿಲಲ್ಲೇ ನಿಂತಿದ್ದಾನೆ. ನಿಯಮದ ಪ್ರಕಾರ ಚೀಟಿ ಪಕ್ಕಕ್ಕಿಟ್ಟು ವಿಮಾನ ನಿಲ್ಲಿಸಬೇಕು. ನಿಲ್ಲಿಸಿದರೆ ಭೂತಗನ್ನಡಿ ಕಾರಣ ಕೇಳುತ್ತಾನೆ. ಸಹಿಯ ಅಧಿಕಾರ ಬಂದ ವರ್ಷವೇ ಹುಡುಗಿ ಚೌಕ ತುಂಬಲು ಮರೆತಳು ಅಂತ ಆಗುತ್ತದೆ.

ಮರೆತದ್ದು ತಾನೇ? ಆ ಪಂಪಿಗೆ ಯಾವ ವ್ರೆಂಚು ಅಂತ ನನಗೆ ಗೊತ್ತಿಲ್ಲವೇ? ಹದಿನೇಳನೆಯ ನಂಬರು. ಹಿಡಿಯ ಹತ್ತಿರ ಸ್ವಲ್ಪ ಸವೆದಿದೆ. ಆ ಕೆಲಸಕ್ಕೆ ನಾನು ಬೇರೆ ಯಾವುದನ್ನೂ ಮುಟ್ಟಿದವನಲ್ಲ, ಅವಳಿಗೆ ಕಲಿಸಿದ್ದೂ ಅದರಲ್ಲೇ. ಪೆನ್ನು ಕೈಯಲ್ಲೇ ಇತ್ತು. ಹದಿನೇಳು ಅಂತ ಬರೆದೆ. ಎರಡು ಅಂಕಿ. ಕಟ್ಟು ಕಟ್ಟಿ ಕೊಟ್ಟೆ.

ವಿಮಾನ ಹೊರಗೆ ಹೋಗುವಾಗ ಕಿಟಕಿಯಲ್ಲಿ ನಿಂತು ನೋಡಿದೆ. ಬಹಳ ದಿನದ ಮೇಲೆ ನಾನೂ ಅದಕ್ಕೊಂದು ಕೈ ಹಾಕಿದ ಹಾಗಿತ್ತು.

ಸೆಪ್ಟೆಂಬರ್ ೧೪, ಶನಿವಾರ

ಚೆನ್ನಾಗಿ ನಿದ್ದೆ ಬಂತು. ಭುಜವೂ ನೋಯಲಿಲ್ಲ. ಮಗಳು ಫೋನ್ ಮಾಡಿದ್ದಳು, ಅವರಮ್ಮನ ಹತ್ತಿರ ಮಾತಾಡಿ ಇಟ್ಟಳು. ಚೀಟಿಯ ವಿಷಯ ಹೇಳಲಿಲ್ಲ. ಉಪಕಾರ ಮಾಡಿ ಡಂಗುರ ಸಾರುವುದು ಯಾಕೆ?

ಸೆಪ್ಟೆಂಬರ್ ೧೭, ಮಂಗಳವಾರ

ಭೂತಗನ್ನಡಿ ಬಂದು ಬಾಗಿಲು ಹಾಕಿದ. ಅವನು ಬಾಗಿಲು ಹಾಕಿದ್ದು ನಾನು ನೋಡಿದ್ದೇ ಇಲ್ಲ.

"ಒಂದು ತೊಂದರೆ ಆಗಿದೆ. ನಿಮ್ಮ ಮಗಳ ಚೀಟಿ."

ಉಪಕರಣಗಳ ಓಡಾಟವನ್ನೂ ಚೀಟಿಗಳನ್ನೂ ತಾಳೆ ನೋಡುತ್ತಿದ್ದನಂತೆ. ಹದಿನೇಳನೆಯ ವ್ರೆಂಚ್ ಕಳೆದ ವಾರವಿಡೀ ಹ್ಯಾಂಗರಿನಲ್ಲೇ ಇರಲಿಲ್ಲ. ಪರೀಕ್ಷೆಗೆ ಪ್ರಯೋಗಾಲಯಕ್ಕೆ ಹೋಗಿದೆ, ಇನ್ನೂ ಬಂದಿಲ್ಲ. "ಇಲ್ಲದ ಉಪಕರಣದಲ್ಲಿ ಬೋಲ್ಟು ಬಿಗಿದಿದ್ದಾರೆ ಅಂತ ಆಯ್ತು. ಒಂದೋ ಬಿಗಿದೇ ಇಲ್ಲ, ಇಲ್ಲಾ ಯಾವುದರಲ್ಲಿ ಬಿಗಿದ್ರು ಅಂತ ಮುಚ್ಚಿಡ್ತಿದ್ದಾರೆ. ಎರಡರಲ್ಲಿ ಯಾವುದಾದ್ರೂ ಲೈಸೆನ್ಸಿಗೆ ಕುತ್ತು."

ವಿಮಾನ ನಿಲ್ಲಿಸಿದ್ದಾರೆ. ಪ್ರಯಾಣಿಕರನ್ನು ಇಳಿಸಿ ಬೇರೆಯದಕ್ಕೆ ಹತ್ತಿಸಿದರಂತೆ. ಎಂಜಿನ್ನಿನ ಮುಚ್ಚಳ ತೆಗೆದು ಬೋಲ್ಟು ಪರೀಕ್ಷಿಸುತ್ತಿದ್ದಾರೆ.

ನಾನು ಆಗಲೇ ಹೇಳಬೇಕಿತ್ತು. ಬರೆದದ್ದು ನಾನು ಅಂತ ಹೇಳಲು ಎಷ್ಟು ಹೊತ್ತು? "ಹೌದಾ?" ಅಂದೆ. ಅಷ್ಟೇ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನನ್ನ ಕೈ ಹೆಗಲ ತನಕ ಹೋಗುವುದೂ ಕಷ್ಟ, ಅದಕ್ಕೇ ಸಿಕ್ಕಿಬೀಳಲಿಲ್ಲ.

ಅವನು ಹೋದ ಮೇಲೆ ಮೇಜು ಕೆದಕಿದೆ. ಪರೀಕ್ಷೆಗೆ ಹೋದ ಉಪಕರಣಗಳ ಪಟ್ಟಿ ನಮ್ಮ ಕೋಣೆಗೂ ಬರುತ್ತದೆ. ಬಂದಿತ್ತು. ಹದಿನೇಳು ಅಂತ ಸ್ಪಷ್ಟವಾಗಿ ಇತ್ತು, ಅದರ ಸುತ್ತ ನನ್ನ ಟೀ ಲೋಟದ ಉಂಗುರ.

ಬೋಲ್ಟುಗಳೆಲ್ಲ ಸರಿಯಾಗಿಯೇ ಬಿಗಿದಿದ್ದವು ಅಂತ ಸಂಜೆ ಗೊತ್ತಾಯಿತು. ಒಂದು ಕೂದಲೆಳೆ ಹೆಚ್ಚು ಕಡಿಮೆ ಇಲ್ಲವಂತೆ. ಅವಳ ಕೈ ಸರಿಯಾಗಿದೆ. ನನ್ನದು ಹಾಳಾಗಿದೆ, ಭುಜ ಮಾತ್ರ ಅಂದುಕೊಂಡಿದ್ದೆ.

ಸೆಪ್ಟೆಂಬರ್ ೧೮, ಬುಧವಾರ

ಮಗಳು ಬಂದಳು. ಬಾಗಿಲಲ್ಲೇ "ನಾಳೆ ವಿಚಾರಣೆಗೆ ಕರೆದಿದ್ದಾರೆ, ಏನು ಅಂತ ಗೊತ್ತಾ ಅಪ್ಪಾ?" ಅಂದಳು. "ಯಾವುದೋ ಚೀಟಿ" ಅಂದೆ. ಚೀಲ ಇಟ್ಟು ಸ್ನಾನಕ್ಕೆ ಹೋದಳು. ಬರಲಿ, ಹೇಳುತ್ತೇನೆ ಅಂತ ಕಾದೆ. ಬಂದು ಊಟಕ್ಕೆ ಕೂತಳು. ಊಟದ ಮಧ್ಯ ಬೇಡ ಅನಿಸಿತು. ಊಟ ಮುಗಿಸಿದ ಮೇಲೆ ಆಕಳಿಸಿದಳು. ದಣಿದಿದ್ದಾಳೆ, ಬೆಳಗ್ಗೆ ಹೇಳಿದರಾಯಿತು ಅಂದುಕೊಂಡೆ. ಬೆಳಗ್ಗೆ ನಾನು ಏಳುವ ಹೊತ್ತಿಗೆ ಹೊರಟುಹೋಗಿರಲಿ ಅಂತಲೂ ಒಳಗೊಳಗೇ ಅಂದುಕೊಂಡೆ. ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ?

ಸೆಪ್ಟೆಂಬರ್ ೧೯, ಗುರುವಾರ

ವಿಚಾರಣೆ ಆಯಿತು. ನಾನು ಕೋಣೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಕೋಣೆಗೆ. ಹೊರಗೆ ಬಂದವಳ ಮುಖ ನೋಡಿದೆ. ಏನೂ ಇರಲಿಲ್ಲ ಅದರಲ್ಲಿ.

"ಏನಂದೆ?"

"ನೆನಪಿಲ್ಲ ಅಂದೆ."

"ಏನು ನೆನಪಿಲ್ಲ?"

"ಆ ನಂಬರ್ ಹೇಗೆ ಬಂತು ಅಂತ." ನನ್ನ ಮುಖ ಒಂದು ಕ್ಷಣ ನೋಡಿದಳು. "ನಿಮಗೇನಾದ್ರೂ ಗೊತ್ತಾ, ಸಾರ್?"

ಆ ಸಾರ್‌ನಲ್ಲಿ ರಾಗ ಇರಲಿಲ್ಲ. "ನನಗೇನು ಗೊತ್ತು?" ಅಂದೆ.

ಅವಳ ಸಹಿಯ ಅಧಿಕಾರ ತಡೆಹಿಡಿದಿದ್ದಾರೆ. ಸೋಮವಾರ ತೀರ್ಮಾನ. ಅಲ್ಲಿಯವರೆಗೆ ಯಾವ ವಿಮಾನವನ್ನೂ ಮುಟ್ಟುವಂತಿಲ್ಲ. ಮಧ್ಯಾಹ್ನ ಕಿಟಕಿಯಿಂದ ನೋಡಿದೆ. ಹಳದಿ ಗೆರೆಯ ಆಚೆ ನಿಂತು ಬಟ್ಟೆಯಲ್ಲಿ ಪಾನಾಗಳನ್ನು ಒರೆಸುತ್ತಿದ್ದಳು.

ಸೆಪ್ಟೆಂಬರ್ ೨೦, ಶುಕ್ರವಾರ

ಯೋಚಿಸಿ ನೋಡಿದರೆ ಅಷ್ಟೇನೂ ಆಗಿಲ್ಲ. ಬೋಲ್ಟು ಸರಿ ಇವೆ. ಬೈದು ಬಿಡುತ್ತಾರೆ. ಹೊಸಬಳು, ಒಂದು ಸಲ ಮನ್ನಿಸುತ್ತಾರೆ. ನಾನು ಹೇಳಿದರೆ ನನ್ನ ಕೆಲಸವೇ ಹೋಗುತ್ತದೆ, ದಾಖಲೆ ಕಾಯುವವನೇ ದಾಖಲೆ ತಿದ್ದಿದ ಅಂತ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆಗ ಮನೆಗೂ ಕಷ್ಟ, ಅವಳಿಗೂ ತಲೆತಗ್ಗಿಸುವ ಹಾಗೆ. ಸುಮ್ಮನಿರುವುದೇ ಅವಳಿಗೆ ಒಳ್ಳೆಯದು.

ಮೇಲಿನದನ್ನು ಓದಿದೆ. ಓದಬಾರದಿತ್ತು.

ಸೆಪ್ಟೆಂಬರ್ ೨೧, ಶನಿವಾರ

ನಮ್ಮ ಉಪಕರಣ ಕೋಣೆ ನೋಡಿಕೊಳ್ಳುವವನನ್ನು ಉಗ್ರಾಣಿ ಅನ್ನುತ್ತೇವೆ. ಬಾಮೈದನ ಮದುವೆಗೆ ಅಂತ ವಾರ ರಜೆಯಲ್ಲಿದ್ದ, ಇವತ್ತು ಬಂದ. ಬಂದವನೇ ನನ್ನ ಮೇಜಿಗೆ ಬಂದು ಒಂದು ಕಾಗದ ಇಟ್ಟ.

"ಇದು ನಿಮ್ಮ ಮಗಳು ಕೇಳಿದ್ದು. ಪಕ್ಕದ ಹ್ಯಾಂಗರಿನವರು ಇವತ್ತು ಕೊಟ್ರು."

ಪರೀಕ್ಷಾ ಪತ್ರ. ಪಕ್ಕದ ಹ್ಯಾಂಗರಿನ ಟಾರ್ಕ್ ವ್ರೆಂಚ್ ಸರಿಯಾಗಿದೆ ಅಂತ ಪ್ರಯೋಗಾಲಯ ಕೊಟ್ಟದ್ದು. ಏನಿದು ಅಂದೆ.

"ನಮ್ಮ ಹದಿನೇಳು ಪರೀಕ್ಷೆಗೆ ಹೋಗಿತ್ತಲ್ಲಾ, ಅದಕ್ಕೆ ಪಂಪಿನ ಕೆಲಸಕ್ಕೆ ಪಕ್ಕದವರದ್ದು ತಂದ್ರು. ನಾನೇ ಹೇಳ್ದೆ, ಅದು ಸರಿಯಾಗಿದೆ ಕಣಮ್ಮಾ, ನಂಬರ್ ಬರ್ಕೋ ಅಂತ. ಇಲ್ಲ ಅಂದ್ರು. ಪತ್ರ ಕಣ್ಣಾರೆ ನೋಡೋ ತನಕ ಬರೆಯಲ್ಲ, ಖಾಲಿ ಇರ್ಲಿ ಅಂದ್ರು. ಅಷ್ಟರಲ್ಲಿ ಬೇರೆ ಊರಿಗೆ ಓಡಿಸಿದ್ರಲ್ಲ. ಖಾಲಿ ಬಿಟ್ಟು ಹೋಗ್ತಿದ್ದೀರಲ್ಲ, ವಿಮಾನ ಹೊರಟುಬಿಟ್ರೆ ಅಂತ ಕೇಳ್ದೆ."

"ಏನಂದ್ಲು?"

ಉಗ್ರಾಣಿ ನಕ್ಕ. "ಮೇಲೆ ನಮ್ಮಪ್ಪ ಕೂತಿದ್ದಾನೆ, ಖಾಲಿ ಚೌಕ ಅವನ ಕಣ್ಣು ತಪ್ಪಿಸಿ ಹೋಗಲ್ಲ ಅಂದ್ರು."

ಅವನು ಹೋದ ಮೇಲೆ ಆ ಪತ್ರವನ್ನು ಮತ್ತೆ ಓದಿದೆ. ಮರೆತದ್ದಲ್ಲ. ಬಿಟ್ಟದ್ದು. ಮಸಿ ಕದಡಿದ್ದು, ಸಹಿಯ ಬಾಲ, ಎರಡು ಗೆರೆ, ಇವನ್ನೆಲ್ಲ ವಾಪಸು ಕಳಿಸಿದವನು, ಕಳಿಸಲೇಬೇಕಾದ ಒಂದೇ ಒಂದು ಚೀಟಿಯನ್ನು ತುಂಬಿ ಕಳಿಸಿದೆ. ನನ್ನ ಮೇಲೆ ಭರವಸೆ ಇಟ್ಟು ಹೋದಳು. ಇರಲಾರದವನು ಇರುವೆ ಬಿಟ್ಟುಕೊಂಡ ಅನ್ನುತ್ತಾರೆ, ನಾನು ತಂದು ಮಗಳ ಮೇಲೆ ಬಿಟ್ಟೆ.

ಇನ್ನೂ ಒಂದಿದೆ. ಖಾಲಿ ಬಿಟ್ಟದ್ದು ಅವಳಿಗೆ ನೆನಪಿದೆ ಅಂದ ಮೇಲೆ, ಆ ಚೌಕದಲ್ಲಿ ಹದಿನೇಳು ನೋಡಿದಾಗ ಬೇರೆಯವರು ತುಂಬಿದ್ದಾರೆ ಅಂತ ಗೊತ್ತಾಗಿರಲೇಬೇಕು. ಮಧ್ಯದಲ್ಲಿ ಚೀಟಿ ಬಂದದ್ದು ನನ್ನ ಮೇಜಿಗೊಂದೇ. ನಾನು ಇಂಗ್ಲಿಷ್ ಅಂಕಿಯ ಏಳು ಬರೆದರೆ ಅದರ ಸೊಂಟಕ್ಕೊಂದು ಅಡ್ಡಗೆರೆ ಇರುತ್ತದೆ. ಅವಳ ಶಾಲೆಯ ಪುಸ್ತಕಗಳಿಗೆಲ್ಲ ನಂಬರು ಹಾಕಿದವನು ನಾನೇ.

ಅವಳಿಗೆ ಗೊತ್ತು. ಗೊತ್ತಿದ್ದೂ "ನಿಮಗೇನಾದ್ರೂ ಗೊತ್ತಾ" ಅಂತ ಕೇಳಿದಳು. ನನಗೇನು ಗೊತ್ತು ಅಂದೆ.

ಸೆಪ್ಟೆಂಬರ್ ೨೨, ಭಾನುವಾರ

ಭೂತಗನ್ನಡಿಯ ಮನೆಗೆ ಹೋದೆ. ಸೋಮವಾರದ ತನಕ ಕಾದರೆ ಸೋಮವಾರ ಬೆಳಗ್ಗೆ ಇನ್ನೊಂದು ನೆಪ ಸಿಗುತ್ತದೆ ಅಂತ ನನ್ನನ್ನು ನಾನು ಬಲ್ಲೆ.

ಬನಿಯನ್ನು ಹಾಕಿಕೊಂಡು ಮುರಿದ ಛತ್ರಿ ರಿಪೇರಿ ಮಾಡುತ್ತಿದ್ದ. ಕಡ್ಡಿಗಳನ್ನು ಉದ್ದದ ಪ್ರಕಾರ ಸಾಲಾಗಿ ಜೋಡಿಸಿಟ್ಟಿದ್ದ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಪರೀಕ್ಷಾ ಪತ್ರ ಕೊಟ್ಟೆ. ನಿಂತೇ ಹೇಳಿದೆ. "ಹದಿನೇಳು ಬರೆದವನು ನಾನು. ನನ್ನ ಮಗಳು ಖಾಲಿ ಬಿಟ್ಟಿದ್ದಳು. ಅವಳು ಊರಲ್ಲೇ ಇರಲಿಲ್ಲ."

ಅವನು ಛತ್ರಿ ಕೆಳಗಿಟ್ಟ.

"ಕೂತ್ಕೊಳ್ಳಿ" ಅಂದ. ನಾನು ಕೂರಲಿಲ್ಲ. "ಮಂಗಳವಾರ ನಿಮ್ಮ ಕೋಣೆಗೆ ಬಂದಿದ್ದೆ ನಾನು."

"ಹೌದು."

"ಬಾಗಿಲು ಹಾಕಿದ್ದು ಯಾಕೆ ಅಂದ್ಕೊಂಡ್ರಿ?"

ಆಗ ಅರ್ಥವಾಯಿತು. ಅವನಿಗೂ ಅನುಮಾನ ಇತ್ತು. ಹೇಳಲಿ ಅಂತ ಬಂದಿದ್ದ.

"ಗುರುವಾರ ಆಕೆಗೆ ಚೀಟಿ ತೋರಿಸಿ ಕೇಳ್ದೆ. ಪಕ್ಕದ ಹ್ಯಾಂಗರಿನ ವ್ರೆಂಚಲ್ಲಿ ಬಿಗಿದೆ ಅಂದ್ರು. ಸರಿ, ಮತ್ತೆ ಈ ಹದಿನೇಳು ನಿಮ್ಮ ಕೈಬರಹನಾ ಅಂದೆ. ಸುಮಾರು ಹೊತ್ತು ನೋಡಿದ್ರು. ನನ್ನದೇ ಇರ್ಬೇಕು ಅಂದ್ರು." ಅವನು ಕನ್ನಡಕ ತೆಗೆದು ಒರೆಸಿದ. "ಅದನ್ನ ಬರೆದುಕೊಂಡಿದ್ದೇನೆ. ಬರೆದುಕೊಂಡಿದ್ದನ್ನ ಅಳಿಸಕ್ಕೆ ಬರಲ್ಲ, ನಿಮಗೆ ಗೊತ್ತಲ್ಲ."

ಪತ್ರ ನೋಡದೇ ನಂಬರು ಬರೆಯಲ್ಲ ಅಂದವಳು. ಒಂದು ಚೌಕದಲ್ಲಿ ಸುಳ್ಳು ಹಾಕಲು ಒಪ್ಪದವಳು. ಅವಳ ಬಾಯಲ್ಲಿ ನಾನು ಸುಳ್ಳು ಹೇಳಿಸಿದೆ.

ಬಸ್ಸು ಹತ್ತದೇ ನಡೆದುಕೊಂಡು ಮನೆಗೆ ಬಂದೆ. ದಾರಿಯಲ್ಲಿ ಅತ್ತೆ. ವಯಸ್ಸಾದವನು ರಸ್ತೆಯಲ್ಲಿ ಅತ್ತರೆ ಜನ ಕಣ್ಣಿಗೆ ಧೂಳು ಬಿದ್ದಿದೆ ಅಂದುಕೊಳ್ಳುತ್ತಾರೆ, ಅಷ್ಟು ಅನುಕೂಲ.

ಸೆಪ್ಟೆಂಬರ್ ೨೩, ಸೋಮವಾರ

ಎಲ್ಲ ಬರೆದುಕೊಟ್ಟೆ. ಮೊದಲು ಎರಡು ಪುಟ ಬರೆದಿದ್ದೆ, ಭುಜ, ಬಿದ್ದದ್ದು, ಅವಸರ, ತಂದೆಯ ಮನಸ್ಸು ಅಂತೆಲ್ಲ. ಹರಿದುಹಾಕಿದೆ. ಆಮೇಲೆ ನಾಲ್ಕು ಸಾಲು ಸಾಕಾಯಿತು.

ನನ್ನ ಮೊಹರು, ಗುರುತಿನ ಚೀಟಿ, ಬೀರುವಿನ ಕೀಲಿ ತೆಗೆದುಕೊಂಡರು. ತೀರ್ಮಾನ ಆಗುವ ತನಕ ಮನೆಯಲ್ಲಿರಬೇಕು. ಇವಳಿಗೆ ಹೇಳಿದೆ. ಹೊಲಿಗೆ ಯಂತ್ರ ನಿಲ್ಲಿಸಿದಳು. ಬೈಯುತ್ತಾಳೆ ಅಂದುಕೊಂಡೆ. "ಅವಳಿಗೆ ಹೇಳಿದ್ರಾ?" ಅಂದಳು. ಇಲ್ಲ ಅಂದೆ. "ಊರಿಗೆಲ್ಲ ಹೇಳಿ ಬಂದಿದ್ದೀರಿ, ಮನೆಯಲ್ಲಿರೋಳಿಗೆ ಹೇಳಕ್ಕೆ ಕಾಲು ಬರಲಿಲ್ವಾ?"

ಮಗಳು ಸಂಜೆ ಬಂದಳು. ಅವಳಿಗಾಗಲೇ ಗೊತ್ತಾಗಿತ್ತು. ನನ್ನನ್ನು ನೋಡಿ ತಲೆಯಾಡಿಸಿ ಒಳಗೆ ಹೋದಳು. ಸಿಟ್ಟೋ ಸಮಾಧಾನವೋ ಅಳೆಯಲಾಗಲಿಲ್ಲ.

ಸೆಪ್ಟೆಂಬರ್ ೨೭, ಶುಕ್ರವಾರ

ಆದೇಶ ಬಂತು. ನನಗೆ ಅವಧಿಗೆ ಮುಂಚೆ ನಿವೃತ್ತಿ. ನನ್ನ ಪಾಲಿನದು ನ್ಯಾಯವೇ, ಮಾಡಿದ್ದುಣ್ಣೋ ಮಹರಾಯ.

ನಮ್ಮ ಮನೆಯ ಇಂಜಿನಿಯರಮ್ಮನಿಗೆ ಸಹಿಯ ಅಧಿಕಾರ ವಾಪಸು ಬಂದಿದೆ. ಜೊತೆಗೆ ಒಂದು ಎಚ್ಚರಿಕೆ ಪತ್ರ. ಕೆಲಸದಲ್ಲಿ ತಪ್ಪಿಲ್ಲ, ಆದರೆ ತನ್ನದಲ್ಲದ ಬರಹವನ್ನು ತನ್ನದಿರಬೇಕು ಅಂದದ್ದಕ್ಕೆ. ಅದು ಅವಳ ಕಡತದಲ್ಲಿ ಕೊನೆಯ ತನಕ ಇರುತ್ತದೆ. ನಾನು ಹೋದ ಮೇಲೂ ಇರುತ್ತದೆ.

ಪಂಪಿನ ಕೆಲಸವನ್ನು ಅವಳೇ ಮತ್ತೊಮ್ಮೆ ಮಾಡಿ ಹೊಸ ಚೀಟಿ ಬರೆದಳಂತೆ. ಕೆಳಗಿನ ಬೋಲ್ಟಿನಿಂದಲೇ ಶುರು ಮಾಡಿದಳು ಅಂತ ಉಗ್ರಾಣಿ ಫೋನಿನಲ್ಲಿ ಹೇಳಿದ. ಹೊಸ ಮಾದರಿಯ ಪಂಪಿಗೆ ಹಾಗೇ ಮಾಡಬೇಕಂತೆ, ಕೈಪಿಡಿಯಲ್ಲಿದೆಯಂತೆ. ಇರಬಹುದು. ನಾನು ಓದಿರಲಿಲ್ಲ.

ಸೆಪ್ಟೆಂಬರ್ ೨೯, ಭಾನುವಾರ

ಇಷ್ಟು ದಿನವೂ ಅವಳು ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದ್ದಳು. ನೀರು, ಊಟ, ಕೀಲಿ ಎಲ್ಲಿದೆ, ಇಷ್ಟು.

ಇವತ್ತು ಮಧ್ಯಾಹ್ನ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಗುರಿನೊಳಗಿನ ಗ್ರೀಸು ತೆಗೆಯುತ್ತಿದ್ದಳು. ನಾನು ಹೋಗಿ ಒಂದು ಮೆಟ್ಟಿಲು ಕೆಳಗೆ ಕೂತೆ.

"ನನ್ನ ತಪ್ಪು" ಅಂದೆ. "ನಿನಗೆ ಒಳ್ಳೆಯದಾಗಲಿ ಅಂತ ಬರೆದೆ ಅಂತ ಹೇಳ್ಕೊಳ್ತಿದ್ದೆ. ಅದೂ ಸುಳ್ಳು. ಕೈ ಕೇಳಲ್ಲ ಕಣೇ. ಆ ವಿಮಾನದಲ್ಲಿ ಎಲ್ಲಾದ್ರೂ ಒಂದು ಕಡೆ ನನ್ನ ಕೈ ಇರ್ಲಿ ಅನ್ನಿಸ್ತು."

"ಗೊತ್ತು."

"ನೋಡಿದ ಕೂಡಲೇ ಗೊತ್ತಾಯ್ತಾ ನಿಂಗೆ?"

"ಕೂಡಲೇ."

"ಮತ್ತೆ ಅಲ್ಲೇ ಹೇಳ್ಬಾರದಿತ್ತಾ? ನಿನ್ನ ಹೆಸರಿಗೆ ಯಾಕೆ ಮಸಿ ಬಳ್ಕೊಂಡೆ?"

"ನಾನು ಹೇಳಿದ್ರೆ ನೀನು ಸಿಕ್ಕಿಬಿದ್ದವನಾಗ್ತಿದ್ದೆ ಅಪ್ಪಾ. ನೀನೇ ಹೇಳಿದ್ರೆ ಬೇರೆ." ಹೆಬ್ಬೆರಳು ಮುಗಿಸಿ ಮುಂದಿನ ಬೆರಳಿಗೆ ಹೋದಳು. "ಹೇಳ್ತೀಯಾ ಅಂತ ಕಾಯ್ತಿದ್ದೆ."

ನಾನು ಕೇಳಬಾರದಿತ್ತೇನೋ. ಕೇಳಿದೆ.

"ಹೇಳದೇ ಇದ್ದಿದ್ರೆ?"

ಅವಳ ಬ್ರಷ್ಷು ನಿಂತಿತು. ನನ್ನ ಕಡೆ ನೋಡಲಿಲ್ಲ, ಕೈ ನೋಡಿಕೊಂಡೇ ಹೇಳಿದಳು.

"ಹೇಳದೇ ಇರೋ ಅಪ್ಪನಾ ಅಂತಾನೂ ತಿಳ್ಕೊಳ್ಬೇಕಿತ್ತಲ್ಲ."

ಆ ಶನಿವಾರ ಉಗ್ರಾಣಿ ರಜೆ ಮುಗಿಸಿ ಬಾರದೇ ಹೋಗಿದ್ದರೆ ಅವಳಿಗೆ ಏನು ತಿಳಿಯುತ್ತಿತ್ತು ಅಂತ ನನಗೆ ಗೊತ್ತು. ಅದನ್ನು ಅವಳಿಗೆ ಹೇಳಿದೆ. ಉಗ್ರಾಣಿ ಬಂದದ್ದು, ಅವಳು ಅಂದ ಮಾತು ಅವನು ಹೇಳಿದ್ದು, ಅಲ್ಲಿಯ ತನಕ ನಾನು ಸುಮ್ಮನಿರಲು ತೀರ್ಮಾನ ಮಾಡಿದ್ದು, ಎಲ್ಲ. ಅವಳು ಪೂರ್ತಿ ಕೇಳಿದಳು. ಆಮೇಲೆ ಎದ್ದು ಬ್ರಷ್ಷು ತೊಳೆದು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.